ಪಿಗ್ಮಿ ಯಂತ್ರ ಹೊತ್ತು ಮುಂಬೈಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ತಗಡಿನ ಮಾಡಿನ ಕೆಳಗೆ ಕಾಲಿಟ್ಟರೆ ನನ್ನ ಮೊಬೈಲಿನ ಸಿಗ್ನಲ್ ಹೋಗಿಬಿಡುತ್ತದೆ. ಒಂದು ಮೂಲೆಯಲ್ಲಿ ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿರುತ್ತದೆ, ಇನ್ನೊಂದು ಮೂಲೆಯಲ್ಲಿ ಹೆಂಗಸರು ಜರಡಿ ಹಿಡಿದು ಚೀಲ ತುಂಬುತ್ತಿರುತ್ತಾರೆ. ಅಲ್ಲಿಗೆ ದಿನವೂ ಸಂಜೆ ಬರುವ ಪಿಗ್ಮಿ ಅಕ್ಕ ಒಬ್ಬೊಬ್ಬರಿಂದ ಮೂವತ್ತೋ ಐವತ್ತೋ ರೂಪಾಯಿ ದಿನದ ಉಳಿತಾಯ ಪಡೆದು, ಸೊಂಟಕ್ಕೆ ಸಿಕ್ಕಿಸಿಕೊಂಡ ಪುಟ್ಟ ಪ್ರಿಂಟರಿನಿಂದ ಚೀಟಿ ಹರಿದು ಕೊಡುತ್ತಾರೆ. ಆ ಚೀಟಿಯ ಹಿಂದಿರುವ ಆ್ಯಪ್ ನಮ್ಮದು. ವಿದ್ಯಾನಗರದ ಒಂದು ಮಹಡಿ ಕೋಣೆಯಲ್ಲಿ ನಾಲ್ಕು ಜನ ಕುಳಿತು ಪತ್ತಿನ ಸಹಕಾರ ಸಂಘಗಳಿಗೆ ತಂತ್ರಾಂಶ ಮಾಡಿಕೊಡುತ್ತೇವೆ. ನೆಟ್‌ವರ್ಕ್ ಇಲ್ಲದಿದ್ದರೂ ಚೀಟಿ ಬರಲೇಬೇಕು ಎಂಬುದನ್ನು ನಮಗೆ ಮೊದಲು ಕಲಿಸಿದ್ದು ಆ ಭಟ್ಟಿ.

ಕಳೆದ ವರ್ಷ ಮುಂಬೈನಲ್ಲಿ ನಡೆದ ಒಂದು ದೊಡ್ಡ ಫಿನ್‌ಟೆಕ್ ಸಮ್ಮೇಳನದಲ್ಲಿ ನಾವು ಮಳಿಗೆ ಹಾಕಿದೆವು. ಬ್ಯಾಂಕುಗಳು, ಪಾವತಿ ಕಂಪನಿಗಳು, ಅವುಗಳಿಗೆ ಬಂಡವಾಳ ಹಾಕುವವರು, ಎಲ್ಲರೂ ಸೇರುವ ಜಾಗ ಅದು. ಹೋಗಬೇಕೆಂದು ಒತ್ತಾಯಿಸಿದವರು ನಮ್ಮ ಮೊದಲ ಗ್ರಾಹಕರಾದ ಸಂಘದ ಕಾರ್ಯದರ್ಶಿಗಳು. "ಊರಲ್ಲೇ ಇದ್ದರೆ ನಿಮ್ಮ ಕೆಲಸ ಎಷ್ಟು ಗಟ್ಟಿ ಎಂದು ನಿಮಗೇ ಗೊತ್ತಾಗುವುದಿಲ್ಲಮ್ಮ, ಗೊತ್ತಿಲ್ಲದವರ ಮುಂದೆ ಇಟ್ಟು ನೋಡಿ" ಎಂದರು. ಆ ಮಾತು ಎಷ್ಟರಮಟ್ಟಿಗೆ ನಿಜವಾಗಲಿದೆ ಎಂದು ಆಗ ತಿಳಿದಿರಲಿಲ್ಲ.

ಮಳಿಗೆ ಎಂದರೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗ. ಮೂರು ಕಡೆ ಬಿಳಿ ಹಲಗೆಯ ಗೋಡೆ, ಒಂದು ಮೇಜು, ಎರಡು ಕುರ್ಚಿ, ಮೂರು ದೀಪ, ಒಂದು ಪ್ಲಗ್, ನೆತ್ತಿಯ ಮೇಲೆ ಕಂಪನಿಯ ಹೆಸರಿನ ಪಟ್ಟಿ. ಇಷ್ಟಕ್ಕೆ ಕಟ್ಟಿದ ಬಾಡಿಗೆ, ಅದರ ಮೇಲೆ ಶೇ. 18ರ ಜಿಎಸ್‌ಟಿ, ಎಲ್ಲ ಸೇರಿ ನಮ್ಮ ನಾಲ್ವರ ಎರಡು ತಿಂಗಳ ಸಂಬಳಕ್ಕೆ ಸಮನಾಯಿತು. ಟಿವಿ ಬೇಕೆಂದರೆ ಬೇರೆ ದುಡ್ಡು, ಇನ್ನೊಂದು ಪ್ಲಗ್ ಬೇಕೆಂದರೆ ಬೇರೆ ದುಡ್ಡು. ಇಂಥ ಕಡೆ ಮೊದಲ ಸಲ ಹೋಗುವವರು ಹಣ ಕಟ್ಟಿದ ದಿನವೇ ಪ್ರದರ್ಶಕರ ಕೈಪಿಡಿಯನ್ನು ಸಾಲು ಬಿಡದೆ ಓದಬೇಕು. ಯಾವ ಸಾಮಾನಿಗೆ ಯಾವ ತಾರೀಖಿನೊಳಗೆ ಹೇಳಬೇಕು, ತಡವಾದರೆ ದರ ಎಷ್ಟು ಏರುತ್ತದೆ ಎಂಬುದೆಲ್ಲ ಅದರಲ್ಲೇ ಇರುತ್ತದೆ. ನಾವು ಟಿವಿ ಬಿಟ್ಟು ಪ್ಲಗ್ ತೆಗೆದುಕೊಂಡೆವು. ಪ್ರಿಂಟರಿಗೂ ಮೊಬೈಲಿಗೂ ದಿನವಿಡೀ ಚಾರ್ಜು ಬೇಕಿತ್ತು.

ಬ್ಯಾನರಿನ ಕರಡು ನೋಡಿದ ಕಾರ್ಯದರ್ಶಿಗಳು ಕೂಡಲೇ ಬೆರಳಿಟ್ಟು ತೋರಿಸಿದರು. "ಮನೆ ಬಾಗಿಲಿಗೆ ಬ್ಯಾಂಕ್" ಎಂದು ನಾವು ದೊಡ್ಡದಾಗಿ ಬರೆಸಿದ್ದೆವು. ಪತ್ತಿನ ಸಹಕಾರ ಸಂಘ ಬ್ಯಾಂಕ್ ಅಲ್ಲ. 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಸಹಕಾರ ಸಂಘಗಳು ತಮ್ಮ ಹೆಸರಿನಲ್ಲಿ ಆ ಪದ ಬಳಸುವಂತಿಲ್ಲ ಎಂದು 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಸಾರ್ವಜನಿಕರನ್ನು ಎಚ್ಚರಿಸಿತ್ತು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ಇರುವ ವಿಮೆಯೂ ಈ ಸಂಘಗಳ ಠೇವಣಿಗೆ ಇಲ್ಲ. "ಇಲ್ಲದ ಭರವಸೆಯನ್ನು ನಮ್ಮ ಹೆಸರಲ್ಲಿ ಮುಂಬೈನಲ್ಲಿ ಕೊಟ್ಟು ಬರಬೇಡಿ" ಎಂದರು. ಬ್ಯಾನರನ್ನು "ದಿನದ ಉಳಿತಾಯ, ದಿನವೇ ರಶೀದಿ" ಎಂದು ತಿದ್ದಿದೆವು. ಈಗಲೂ ಆ ಮಾತು ನಮ್ಮ ಕಚೇರಿಯ ಬಾಗಿಲ ಮೇಲಿದೆ.

ತಯಾರಿಯಲ್ಲಿ ಹೆಚ್ಚು ದಿನ ತಿಂದಿದ್ದು ಕನ್ನಡದ ಚೀಟಿ. ಅಗ್ಗದ ಪ್ರಿಂಟರುಗಳಲ್ಲಿ ಕನ್ನಡದ ಅಕ್ಷರಗಳೇ ಇರುವುದಿಲ್ಲ. ಹೀಗಾಗಿ ಇಡೀ ಚೀಟಿಯನ್ನು ಒಂದು ಚಿತ್ರವಾಗಿ ಮಾಡಿ ಕಳುಹಿಸಬೇಕು. 58 ಮಿಲಿಮೀಟರ್ ಕಾಗದದಲ್ಲಿ ಅಚ್ಚಾಗುವುದು 48 ಮಿಲಿಮೀಟರ್ ಮಾತ್ರ, ಅಂದರೆ ಅಡ್ಡಕ್ಕೆ 384 ಚುಕ್ಕಿ. ಅಷ್ಟರಲ್ಲಿ ಠೇವಣಿದಾರರ ಹೆಸರು, ಇಂದಿನ ಜಮಾ, ಒಟ್ಟು ಜಮಾ, ದಿನಾಂಕ, ಚೀಟಿ ಸಂಖ್ಯೆ ಎಲ್ಲ ಕೂರಬೇಕು. ಅಕ್ಷರ ಚಿಕ್ಕದು ಮಾಡಿದರೆ ಒತ್ತಕ್ಷರ ಮಸಿಯ ಉಂಡೆಯಾಗುತ್ತಿತ್ತು, ದೊಡ್ಡದು ಮಾಡಿದರೆ ಹೆಸರು ಎರಡು ಸಾಲಿಗೆ ಒಡೆಯುತ್ತಿತ್ತು. "ಒಟ್ಟು" ಎಂಬ ಒಂದೇ ಪದ ಸರಿಯಾಗಿ ಮೂಡಲು ನನ್ನ ತಮ್ಮ ಒಂದು ವಾರ ಕುಳಿತಿದ್ದಾನೆ. ಎಸ್‌ಎಂಎಸ್‌ನ ಕಥೆಯೂ ಇದೇ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಸಿಗುವ ಕಡೆ ಕನ್ನಡಕ್ಕೆ 70 ಮಾತ್ರ. ಒತ್ತು, ಗುಣಿತ ಎಲ್ಲವೂ ಬೇರೆಬೇರೆ ಲೆಕ್ಕಕ್ಕೆ ಬರುವುದರಿಂದ ಕೈಗೆ ಉಳಿಯುವುದು ಇನ್ನೂ ಕಡಿಮೆ. ಖರ್ಚು ಉಳಿಸಲು ಇಂಗ್ಲಿಷಿನಲ್ಲೇ ಕಳುಹಿಸಿ ಎಂದು ಹಲವರು ಹೇಳಿದ್ದಾರೆ. ನಾನು ಒಪ್ಪಿಲ್ಲ. ದುಡ್ಡು ಕೊಟ್ಟವರು ಓದಲಾಗದ ರಶೀದಿ ಅವರಿಗೆ ರಶೀದಿಯೇ ಅಲ್ಲ.

ಮಳಿಗೆಯಲ್ಲಿ ತೋರಿಸುವುದಕ್ಕೆ ನಿಜವಾದ ಠೇವಣಿದಾರರ ಪಟ್ಟಿ ಬಳಸದೆ ಕಲ್ಪಿತ ಹೆಸರು, ಕಲ್ಪಿತ ಮೊತ್ತದ ಬೇರೊಂದು ಸಂಘವನ್ನೇ ಕಂಪ್ಯೂಟರಿನಲ್ಲಿ ಕಟ್ಟಿಕೊಂಡೆವು. ಜನರ ಉಳಿತಾಯದ ಲೆಕ್ಕವನ್ನು ಊರೂರು ತೋರಿಸಿಕೊಂಡು ಬರುವ ಹಕ್ಕು ನಮಗಿಲ್ಲ.

ಹೊರಟಿದ್ದು ಸ್ಲೀಪರ್ ಬಸ್ಸಿನಲ್ಲಿ. ನಮ್ಮ ಊರಿನ ಪಿ.ಬಿ. ರಸ್ತೆ ಎಂದರೆ ಪೂನಾ–ಬೆಂಗಳೂರು ರಸ್ತೆಯೇ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಅದೇ ದಾರಿ ಹಿಡಿದು ಹೋದೆವು. ಸುರುಳಿ ಸುತ್ತಿದ ಬ್ಯಾನರು ನನ್ನ ಪಕ್ಕದಲ್ಲೇ ಮಲಗಿತ್ತು. ಪ್ರಿಂಟರುಗಳ ಚೀಲವನ್ನು ತಮ್ಮ ತಲೆದಿಂಬು ಮಾಡಿಕೊಂಡಿದ್ದ. ಮುಂಬೈನಲ್ಲಿ ಮಾಟುಂಗಾದಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಮಳಿಗೆ ಹೊಂದಿಸುವ ದಿನ ಬೇರೆಯವರು ಎರಡಾಳೆತ್ತರದ ಪರದೆ ನಿಲ್ಲಿಸುತ್ತಿದ್ದರು, ನಾವು ಮೇಜಿನ ಮೇಲೆ ಮೂರು ಮೊಬೈಲು, ಮೂರು ಪ್ರಿಂಟರು, ಒಂದು ಹಳೆಯ ಪಿಗ್ಮಿ ಪಾಸ್‌ಬುಕ್ ಇಟ್ಟೆವು. ಅದು ಅಮ್ಮನದು. ಯಾಕೆ ತಂದೆ ಎಂದು ಮುಂದೆ ಹೇಳುತ್ತೇನೆ.

ಮೊದಲ ದಿನ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮಗೇ ಏನಾದರೂ ಮಾರಲು ಬಂದವರು. ಎಸ್‌ಎಂಎಸ್ ಕಳುಹಿಸುವವರು, ಆಧಾರ್ ಪರಿಶೀಲನೆ ಮಾಡಿಕೊಡುವವರು, ಸರ್ವರ್ ಬಾಡಿಗೆಗೆ ಕೊಡುವವರು. ಇದನ್ನು ತಿಳಿದುಕೊಂಡೇ ಹೋಗಬೇಕು, ಇಲ್ಲದಿದ್ದರೆ ಸಂಜೆ ಕೈಯಲ್ಲಿರುವ ವಿಸಿಟಿಂಗ್ ಕಾರ್ಡಿನ ಕಟ್ಟು ನೋಡಿ ಮನಸ್ಸು ಸುಮ್ಮನೆ ಉಬ್ಬುತ್ತದೆ. ನಾವು ಪ್ರತಿ ಕಾರ್ಡಿನ ಹಿಂದೆ ಅವರು ಕೇಳಿದ ಪ್ರಶ್ನೆಯನ್ನು ಬರೆದಿಟ್ಟುಕೊಂಡೆವು. ಪ್ರಶ್ನೆ ಕೇಳದವರ ಕಾರ್ಡು ಬೇರೆ ಡಬ್ಬಿಗೆ.

ಎಲ್ಲರೂ ಕೇಳಿದ ಪ್ರಶ್ನೆ ಒಂದೇ. ಯುಪಿಐ ಇರುವಾಗ ಮನೆ ಮನೆಗೆ ಹೋಗಿ ನಗದು ತರುವುದೇಕೆ? ಪಿಗ್ಮಿ ಎಂದರೆ ಏನೆಂದೇ ಕೆಲವರಿಗೆ ಗೊತ್ತಿರಲಿಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲೇ ಪಡೆಯುವ ಈ ಪದ್ಧತಿ ಶುರು ಮಾಡಿತು ಎಂದು ಅಲ್ಲಿಂದಲೇ ಆರಂಭಿಸುತ್ತಿದ್ದೆ. ಆಮೇಲೆ ನಮ್ಮ ಊರಿನ ಕಥೆ. ಯುಪಿಐ 2016ರಲ್ಲಿ ಬಂತು. ಇವತ್ತು ದಾವಣಗೆರೆಯಲ್ಲಿ ಮೆಣಸಿನಕಾಯಿ ಬಜ್ಜಿಯ ಗಾಡಿಯಲ್ಲೂ ಕ್ಯೂಆರ್ ಚೀಟಿ ಇದೆ, ಹಣ ಬಂತೆಂದು ಕೂಗುವ ಪೆಟ್ಟಿಗೆ ಇದೆ. ಅದರಿಂದ ಪಿಗ್ಮಿಗೆ ಬಂದ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. ಸಂಜೆ ಗಲ್ಲಾಪೆಟ್ಟಿಗೆ ತೆರೆದರೆ ಅಂಗಡಿಯವರ ಹತ್ತಿರ ನಗದೇ ಇರುವುದಿಲ್ಲ, ಹಣವೆಲ್ಲ ಬ್ಯಾಂಕ್ ಖಾತೆಗೆ ಹೋಗಿರುತ್ತದೆ. "ನಾಳೆ ಬಾರಮ್ಮ" ಎನ್ನುತ್ತಾರೆ. ಪಿಗ್ಮಿಯ ಜೀವವೇ ದಿನ ತಪ್ಪಿಸದಿರುವುದರಲ್ಲಿದೆ. ಅಂಗಡಿಯವರಿಗೆ ಯುಪಿಐ ಬೇಕು, ಸರಿ. ಆದರೆ ಸಂಘ ಬ್ಯಾಂಕ್ ಅಲ್ಲವಾದ್ದರಿಂದ ನೇರವಾಗಿ ಯುಪಿಐ ಜಾಲಕ್ಕೆ ಸೇರಲಾಗದು, ಒಂದು ಬ್ಯಾಂಕಿನ ಖಾತೆಯ ಮೂಲಕವೇ ಪಡೆಯಬೇಕು. ಇತ್ತ ಭಟ್ಟಿಯ ಹೆಂಗಸರಿಗೆ ಕೂಲಿ ಸಿಗುವುದು ನೋಟಿನಲ್ಲಿ. ಮನೆಯ ಸ್ಮಾರ್ಟ್‌ಫೋನು ಮಗನ ಕೈಯಲ್ಲಿ. ಆ ಐವತ್ತು ರೂಪಾಯಿ ಸೆರಗಿನ ತುದಿಯಿಂದ ನೇರ ಅಕ್ಕನ ಕೈಗೆ ಬಂದರೆ ಮಾತ್ರ ಉಳಿಯುತ್ತದೆ. ಹೀಗಾಗಿ ನಮ್ಮ ಆ್ಯಪಿನಲ್ಲಿ ಎರಡೂ ದಾರಿ ಇವೆ ಎಂದು ತೋರಿಸುತ್ತಿದ್ದೆ. ಬಂಡವಾಳದವರೊಬ್ಬರು ಎಷ್ಟು ಲಕ್ಷ ಬಳಕೆದಾರರು ಎಂದು ಕೇಳಿದರು. ಹನ್ನೊಂದು ಸಂಘ, ಇನ್ನೂರ ಚಿಲ್ಲರೆ ಏಜೆಂಟರು ಎಂದೆ. ತಲೆದೂಗಿ ಮುಂದೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ಜನ ಕಿಕ್ಕಿರಿದು ಸಭಾಂಗಣದಲ್ಲಿ ಮೊಬೈಲ್ ನೆಟ್‌ವರ್ಕ್ ಕುಸಿಯಿತು. ಅಷ್ಟು ಸಾವಿರ ಫೋನು ಒಂದೇ ಸೂರಿನಡಿ ಸೇರಿದಾಗ ಆಗುವುದೇ ಅದು. ಅಕ್ಕಪಕ್ಕದ ಮಳಿಗೆಗಳ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು. ನಮ್ಮ ಪ್ರಿಂಟರು ಮಾತ್ರ ಕಿರ್ ಎಂದು ಚೀಟಿ ಉಗುಳುತ್ತಿತ್ತು. ಮಂಡಕ್ಕಿ ಭಟ್ಟಿಗಾಗಿ ಮಾಡಿದ ಕೆಲಸ ಅಲ್ಲಿ ನಮ್ಮನ್ನು ಕಾಯಿತು. ಜನ ನಿಂತು ನೋಡಿದರು. ಆ ಸಂಜೆ ಮಾಟುಂಗಾಗೆ ಮರಳುವಾಗ ತಮ್ಮನೂ ನಾನೂ ನೆಲದ ಮೇಲೆ ಇರಲಿಲ್ಲ.

ಎರಡನೆಯ ದಿನ ಹನ್ನೊಂದರ ಸುಮಾರಿಗೆ ಒಬ್ಬ ಹಿರಿಯರು ಬಂದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮಿರಜ್ ಕಡೆಯ ಒಂದು ಪತಸಂಸ್ಥೆಯಲ್ಲಿ, ಅಂದರೆ ಅಲ್ಲಿನ ಪತ್ತಿನ ಸಂಘದಲ್ಲಿ, ಮೂವತ್ತು ವರ್ಷ ಗುಮಾಸ್ತರಾಗಿದ್ದವರು, ಈಗ ಅದೇ ಸಂಸ್ಥೆಗೆ ಸಲಹೆಗಾರರು. ಬ್ಯಾನರಿನ ಕನ್ನಡ ನೋಡಿ ಕನ್ನಡದಲ್ಲೇ ಮಾತಾಡಿಸಿದರು. ಮಹಾರಾಷ್ಟ್ರದ ಪತಸಂಸ್ಥೆಗಳಲ್ಲೂ ಪಿಗ್ಮಿಗೆ ಪಿಗ್ಮಿ ಎಂದೇ ಹೆಸರು, ಹಾಗಾಗಿ ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

"ನೆಟ್‌ವರ್ಕ್ ಇಲ್ಲದೆಯೂ ಚೀಟಿ ಬರುತ್ತದೆಯೇ, ತಂಗಿ?"

"ಬರುತ್ತದೆ ಸರ್. ನೆಟ್‌ವರ್ಕ್ ಸಿಕ್ಕ ಕೂಡಲೇ ಸಂಘದ ಲೆಕ್ಕಕ್ಕೆ ಸೇರುತ್ತದೆ."

"ಸ್ವಲ್ಪ ಕೊಡಿ" ಎಂದು ಮೊಬೈಲು ಕೈಗೆ ತೆಗೆದುಕೊಂಡರು. ಆ್ಯಪನ್ನು ಬಿಟ್ಟು ಹೊರಬಂದು ಸೆಟ್ಟಿಂಗ್ಸ್ ತೆರೆದರು. ನೆಟ್‌ವರ್ಕ್ ಬಂದ್ ಮಾಡಿದರು. ದಿನಾಂಕವನ್ನು ಮೂರು ದಿನ ಹಿಂದಕ್ಕೆ ಸರಿಸಿದರು. ಮತ್ತೆ ಆ್ಯಪಿಗೆ ಬಂದು ನಮ್ಮ ಕಲ್ಪಿತ ಠೇವಣಿದಾರರೊಬ್ಬರ ಹೆಸರಿಗೆ ನೂರು ರೂಪಾಯಿ ಜಮಾ ಒತ್ತಿದರು. ಪ್ರಿಂಟರು ಚೀಟಿ ಕೊಟ್ಟಿತು. ಅದರ ಮೇಲೆ ಮೂರು ದಿನದ ಹಿಂದಿನ ತಾರೀಖು, ನಾವು ಅಷ್ಟು ಕಷ್ಟಪಟ್ಟು ಮೂಡಿಸಿದ ಸ್ಪಷ್ಟವಾದ ಕನ್ನಡದಲ್ಲಿ. ಅವರು ಚೀಟಿಯನ್ನು ಹರಿದು, ಮಡಿಸಿ, ಮೇಜಿನ ಮೇಲೆ ಅಮ್ಮನ ಪಾಸ್‌ಬುಕ್ಕಿನ ಪಕ್ಕ ಇಟ್ಟರು.

"ಸೋಮವಾರ ಪಡೆದ ಹಣವನ್ನು ಏಜೆಂಟ್ ತನ್ನ ಕೈಗಡಕ್ಕೆ ಬಳಸಿಕೊಂಡ ಎಂದಿಟ್ಟುಕೊಳ್ಳಿ. ಗುರುವಾರ ಠೇವಣಿದಾರರು ಕೇಳಿದಾಗ ಸೋಮವಾರದ ಚೀಟಿ ಹರಿದು ಕೊಡುತ್ತಾನೆ. ಅವರು ನಂಬುತ್ತಾರೆ. ಹೀಗೇ ನಡೆದು ನಡೆದು ಒಂದು ದಿನ ಅವನು ಊರಲ್ಲೇ ಇರುವುದಿಲ್ಲ. ನಾನು ಅಂಥ ಚೀಟಿಗಳನ್ನು ಲೆಡ್ಜರಿಗೆ ತಾಳೆ ನೋಡಿ ನೋಡಿ ಕಣ್ಣು ಕಳೆದುಕೊಂಡಿದ್ದೇನೆ, ತಂಗಿ."

ನನಗೆ ಬಾಯಿ ಒಣಗಿತು. ಅಮ್ಮನ ಪಾಸ್‌ಬುಕ್ ತಂದದ್ದೂ ಇದೇ ಕಾರಣಕ್ಕೆ. ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಓಣಿಗೆ ಬರುತ್ತಿದ್ದ ಪಿಗ್ಮಿಯವರು ಒಂದು ವಾರ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಅಮ್ಮನ ಪುಸ್ತಕದಲ್ಲಿ ಹದಿನಾಲ್ಕು ತಿಂಗಳ ಸಹಿ ಇತ್ತು, ಸಂಘದ ಲೆಡ್ಜರಿನಲ್ಲಿ ಒಂಬತ್ತು ತಿಂಗಳ ಹಣ ಇತ್ತು. ಉಳಿದ ಐದು ತಿಂಗಳು ಕಾಗದದ ಮೇಲೆ ಮಾತ್ರ. ಅಮ್ಮ ಆ ಪುಸ್ತಕವನ್ನು ಎಸೆಯಲಿಲ್ಲ, ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟರು. ಈ ಆ್ಯಪ್ ಮಾಡಲು ಹೊರಟಾಗ ನನ್ನ ಮನಸ್ಸಿನಲ್ಲಿದ್ದದ್ದು ಆ ಐದು ತಿಂಗಳು. ಈಗ ನೋಡಿದರೆ ಅಂಥದ್ದೇ ಐದು ತಿಂಗಳನ್ನು ಅಚ್ಚು ಹಾಕಿ ಕೊಡುವ ಯಂತ್ರವನ್ನು ನಾನೇ ಮಾಡಿದ್ದೆ.

ನಾನು ಅವರಿಗೆ ಅಮ್ಮನ ಕಥೆ ಹೇಳಿದೆ. ಅವರು ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಪುಟ ತಿರುವಿ, ಸಹಿಗಳ ಮೇಲೆ ಬೆರಳಾಡಿಸಿದರು. ಬಳಿಕ ಒಂದು ಪ್ರಶ್ನೆ ಕೇಳಿದರು. "ಹಳೆಯ ಯಂತ್ರದಲ್ಲಿ ಇದು ಆಗುತ್ತಿರಲಿಲ್ಲ. ಯಾಕೆ, ಗೊತ್ತೇ?"

ಗೊತ್ತಿತ್ತು. ಗುಂಡಿಗಳಿರುವ ಆ ಹಳೆಯ ಕೈಯಂತ್ರವನ್ನು ದಿನವೂ ಬೆಳಿಗ್ಗೆ ಸಂಘದ ಕಂಪ್ಯೂಟರಿಗೆ ಜೋಡಿಸಿ ಪಟ್ಟಿ ತುಂಬಿಸಿಕೊಳ್ಳಬೇಕಿತ್ತು. ಅವತ್ತಿನ ದಿನಾಂಕವನ್ನು ಇಡುವುದು ಸಂಘದ ಗುಮಾಸ್ತರು. ಹೊರಗೆ ಹೋದ ಮೇಲೆ ಏಜೆಂಟರು ಅದನ್ನು ಮುಟ್ಟುವಂತಿರಲಿಲ್ಲ. ಸಂಜೆ ಮತ್ತೆ ಜೋಡಿಸಿ ಲೆಕ್ಕ ಇಳಿಸಬೇಕು. ದಿನಕ್ಕೆ ಎರಡು ಸಲದ ಈ ಓಡಾಟ ತಪ್ಪಿಸುತ್ತೇವೆ ಎಂದೇ ನಾವು ಸಂಘಗಳಿಗೆ ನಮ್ಮ ಆ್ಯಪನ್ನು ಒಪ್ಪಿಸಿದ್ದೆವು. ಓಡಾಟವನ್ನು ತೆಗೆಯುವಾಗ ಅದರೊಳಗಿದ್ದ ಕಾವಲನ್ನೂ ತೆಗೆದು ಎಸೆದಿದ್ದೆವು.

ಆ ರಾತ್ರಿ ಚಿಕ್ಕಮ್ಮನ ಅಡುಗೆಮನೆಯಲ್ಲಿ ತಮ್ಮನೂ ನಾನೂ ವಾದ ಮಾಡಿದೆವು. ನಾಳೆ ಒಂದು ದಿನ ನೆಟ್‌ವರ್ಕ್ ಇರುವಾಗಿನದನ್ನಷ್ಟೇ ತೋರಿಸೋಣ, ಊರಿಗೆ ಹೋಗಿ ಸರಿಮಾಡೋಣ ಎಂಬುದು ಅವನ ವಾದ. ತಪ್ಪು ವಾದವೇನಲ್ಲ, ಕಟ್ಟಿದ ಹಣದ ಸಂಕಟ ಅವನದು. ನನಗೆ ಆಗಲಿಲ್ಲ. ಮೊದಲು ಕಾರ್ಯದರ್ಶಿಗಳಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಉಳಿದ ಹತ್ತು ಸಂಘಗಳಿಗೂ ಹೇಳಿದೆ. ಎಲ್ಲ ಏಜೆಂಟರ ಚೀಟಿಯನ್ನೂ ಸಂಘದ ಲೆಕ್ಕಕ್ಕೆ ಮುಟ್ಟಿದ ಸಮಯದೊಂದಿಗೆ ತಾಳೆ ನೋಡಲು ಒಂದು ಪಟ್ಟಿ ತೆಗೆದುಕೊಟ್ಟೆವು. ಎರಡು ಕಡೆ ದಿನಾಂಕ ಹೊಂದಲಿಲ್ಲ. ಒಂದು ಮೊಬೈಲಿನ ಗಡಿಯಾರವೇ ಕೆಟ್ಟಿತ್ತು. ಇನ್ನೊಂದರ ವಿಷಯ ಆ ಸಂಘದ ಆಡಳಿತ ಮಂಡಳಿಗೆ ಹೋಯಿತು, ಅದನ್ನು ಇಲ್ಲಿ ಬರೆಯಲಾರೆ. ಮೂರನೆಯ ದಿನ ಮಳಿಗೆಗೆ ಬಂದ ಪ್ರತಿಯೊಬ್ಬರಿಗೂ ಆ್ಯಪ್ ತೋರಿಸಿ, ಈ ಲೋಪ ಇದೆ, ಸರಿಮಾಡುತ್ತಿದ್ದೇವೆ ಎಂದೆ. ಕೆಲವರು ಕಾರ್ಡು ಕೊಡದೆ ಹೋದರು. ಎರಡು ಸಂಸ್ಥೆಯವರು ಅದನ್ನು ಕೇಳಿದ ಮೇಲೆಯೇ ಕುರ್ಚಿ ಎಳೆದು ಕುಳಿತರು.

ದಾವಣಗೆರೆಗೆ ಬಂದ ಮೇಲೆ ಏಳು ವಾರ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಈಗ ಏಜೆಂಟರು ಬೆಳಿಗ್ಗೆ ನೆಟ್‌ವರ್ಕ್ ಇರುವ ಕಡೆ ಒಮ್ಮೆ "ದಿನ ತೆರೆಯಬೇಕು". ಆಗ ಸಂಘದ ಸರ್ವರಿನಿಂದ ದಿನಾಂಕ ಬರುತ್ತದೆ. ಆಮೇಲೆ ಮೊಬೈಲಿನ ಗಡಿಯಾರವನ್ನು ಆ್ಯಪ್ ನಂಬುವುದಿಲ್ಲ. ಮೊಬೈಲ್ ಶುರುವಾದಾಗಿನಿಂದ ಎಷ್ಟು ಹೊತ್ತು ಕಳೆಯಿತು ಎಂಬ ಎಣಿಕೆಯೊಂದು ಯಂತ್ರದ ಒಳಗೇ ಓಡುತ್ತಿರುತ್ತದೆ, ತಾರೀಖು ತಿದ್ದಿದರೂ ಅದು ಬದಲಾಗುವುದಿಲ್ಲ. ಸಮಯವನ್ನು ಅದರಿಂದ ಲೆಕ್ಕ ಹಾಕುತ್ತೇವೆ. ಪ್ರತಿ ಚೀಟಿಯಲ್ಲೂ ಅದರ ಹಿಂದಿನ ಚೀಟಿಯಿಂದ ಹುಟ್ಟಿದ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಡುವೆ ಒಂದನ್ನು ತೂರಿಸಿದರೆ ಸರಪಳಿ ಕಡಿಯುತ್ತದೆ. ಭಟ್ಟಿಗೆ ಹೋಗುವ ಪಿಗ್ಮಿ ಅಕ್ಕನಿಗೆ ಮೊದಲು ಬೇಸರವಾಯಿತು. "ಇಷ್ಟು ವರ್ಷ ನಂಬಿದವರು ಈಗ ಬೀಗ ಹಾಕುತ್ತೀರಾ?" ಎಂದರು. ಆ ಮಾತು ಚುಚ್ಚಿತು, ನ್ಯಾಯವಾದ ಮಾತು. ಅವರನ್ನು ಕೂರಿಸಿ ಅಮ್ಮನ ಪುಸ್ತಕ ತೋರಿಸಿದೆ. ನಾಳೆ ಯಾರಾದರೂ ನಿಮ್ಮ ಮೇಲೆ ಅನುಮಾನ ಪಟ್ಟರೆ ಈ ಚೀಟಿಯೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ ಅಕ್ಕ, ಎಂದೆ. ಅವರು ಬಹಳ ಹೊತ್ತು ಪುಸ್ತಕ ನೋಡುತ್ತಿದ್ದು, ಬೆಳಿಗ್ಗೆ ಎಷ್ಟು ಗಂಟೆಗೆ ದಿನ ತೆರೆಯಬೇಕು ಎಂದು ಕೇಳಿದರು.

ಮಿರಜಿನ ಹಿರಿಯರ ಸಂಸ್ಥೆ ಐದು ಏಜೆಂಟರಿಗೆ ಪರೀಕ್ಷೆಗೆಂದು ಆ್ಯಪ್ ತೆಗೆದುಕೊಂಡಿತು. ಮುಂಬೈನಿಂದ ನಮಗೆ ಬಂದ ವ್ಯಾಪಾರ ಅಷ್ಟೇ, ಬಾಡಿಗೆಯ ಹಣ ಇನ್ನೂ ಹುಟ್ಟಿಲ್ಲ. ಒಂದು ದಿನ ಅವರೇ ಫೋನು ಮಾಡಿದರು. "ಮೊಬೈಲನ್ನು ಬಂದ್ ಮಾಡಿ ಮತ್ತೆ ಶುರು ಮಾಡಿದರೆ ನಿಮ್ಮ ಎಣಿಕೆ ಏನಾಗುತ್ತದೆ, ತಂಗಿ?"

ಸೊನ್ನೆಗೆ ಬರುತ್ತದೆ. ಅದನ್ನು ನಾವು ಯೋಚಿಸಿರಲಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಹಾಗಾದರೆ ನಿಜವಾದ ಸಮಯ ತಿಳಿಯುವ ದಾರಿಯೇ ಇಲ್ಲ. ಇಲ್ಲವೆಂದು ಚೀಟಿಯಲ್ಲೇ ಹೇಳಿಬಿಡುವುದೆಂದು ತೀರ್ಮಾನಿಸಿ, ಅಂಥ ಚೀಟಿಯ ಕೆಳಗೆ "ಸಮಯ ತಾಳೆಯಾಗಿಲ್ಲ" ಎಂಬ ಒಂದು ಸಾಲು ಸೇರಿಸಿದೆವು. ತಮ್ಮ ಆ ಸಾಲನ್ನು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇಟ್ಟ.

ಮೊದಲ ಪರೀಕ್ಷೆಗೆ ಅಕ್ಕನ ಜೊತೆ ನಾನೂ ಭಟ್ಟಿಗೆ ಹೋದೆ. ಒಳಗೆ ಹೋಗಿ ಅಕ್ಕ ಮೊಬೈಲನ್ನು ಬಂದ್ ಮಾಡಿ ಮತ್ತೆ ಶುರು ಮಾಡಿದರು. ಜರಡಿ ಹಿಡಿದಿದ್ದ ಹೆಂಗಸೊಬ್ಬರು ಕೈ ಒರೆಸಿಕೊಂಡು ಐವತ್ತು ರೂಪಾಯಿ ಕೊಟ್ಟು ಚೀಟಿ ತೆಗೆದುಕೊಂಡರು. ಬೆಂಕಿಯ ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಚೀಟಿಯನ್ನು ಅಕ್ಕನ ಕೈಗೇ ವಾಪಸು ಕೊಟ್ಟರು.

"ತಾಳೆಯಾಗಿಲ್ಲ ಎಂದು ಬರೆದಿದೆ. ತಾಳೆಯಾದ ಮೇಲೆ ಕೊಡಿ."

ಅಕ್ಕ ನನ್ನ ಮುಖ ನೋಡಿ, ಮೊಬೈಲು ಹಿಡಿದುಕೊಂಡು ಸಿಗ್ನಲ್ ಸಿಗುವ ರಸ್ತೆಯ ಕಡೆಗೆ ನಡೆದರು.